ಅಳತೆ ರವಿಕೆ

ಮಗಳು ಬಾಣಂತನಕ್ಕೆಂದು ತಿಪಟೂರಿಗೆ ಬಂದು ಮೂರು ತಿಂಗಳಾಗಿತ್ತು. ಅವಳ ಹಳೆಯ ರವಿಕೆಗಳಲ್ಲಿ ಒಂದೂ ಈಗ ಆಗುತ್ತಿರಲಿಲ್ಲ. ತೊಟ್ಟಿಲ ಪಕ್ಕ ನಮ್ಮನೆಯವರನ್ನು ಕಾವಲಿಗೆ ಕೂರಿಸಿ, ಅಮ್ಮ ಮಗಳಿಬ್ಬರೂ ಹೊಲಿಗೆಯಾಕೆಯ ಮನೆಗೆ ಹೋದೆವು. ಆಕೆ ರೂಢಿಯಂತೆ, "ಅಳತೆ ರವಿಕೆ ತಂದಿದ್ದೀರಾ?" ಎಂದಳು. ಅವಳದು ಬಿಗಿ, ನನ್ನದು ದೊಗಳೆ. ಕೊನೆಗೆ ಟೇಪು ಹಿಡಿದು ಹೊಸದಾಗಿಯೇ ಅಳೆದಳು.

ವಾಪಸು ಬರುವಾಗ ಮಗಳು ದನಿ ತಗ್ಗಿಸಿ ಕೇಳಿದಳು: "ಅಮ್ಮಾ, ನಾನು ಹುಟ್ಟಿದ ಮೇಲೆ ನೀನು ಏನು ಮಾಡಿದೆ?"

"ಏನು ಮಾಡೋದು? ಕಾಯ ತಿಂದೆ, ಬಿಸಿನೀರು ಹುಯ್ಯಿಸಿಕೊಂಡೆ."

"ಅದಲ್ಲಮ್ಮ. ಮತ್ತೆ ಆಗದ ಹಾಗೆ ಏನು ಮಾಡಿದೆ ಅಂತ."

ಐವತ್ತೆಂಟು ವರ್ಷದ ನನ್ನ ಕಿವಿ ಬಿಸಿಯಾಯಿತು. ಕೊಬ್ಬರಿ ದರದಿಂದ ಹಿಡಿದು ಅವಳ ಬ್ಯಾಂಕಿನ ಮ್ಯಾನೇಜರನ ಮುಂಗೋಪದವರೆಗೆ ನಾವು ಮಾತಾಡದ ವಿಷಯವಿಲ್ಲ. ಆದರೆ ಈ ವಿಷಯವನ್ನು ಒಂದು ದಿನವೂ ಎತ್ತಿರಲಿಲ್ಲ. ಅವಳ ಅತ್ತೆ, "ಹಾಲೂಡಿಸುವಷ್ಟು ದಿನ ಭಯವಿಲ್ಲ" ಎಂದಿದ್ದರಂತೆ. ಆಫೀಸಿನ ಗೆಳತಿ ಮಾತ್ರೆ ಎಂದಳಂತೆ, ಓರಗಿತ್ತಿ ಕಾಪರ್-ಟಿ ಎಂದಳಂತೆ. ಎಲ್ಲರೂ ತಂತಮ್ಮ ಅಳತೆ ರವಿಕೆಯನ್ನೇ ಕೈಗೆ ಕೊಡುತ್ತಿದ್ದಾರಲ್ಲ ಎನ್ನಿಸಿತು. ಆ ರಾತ್ರಿ ಮಗು ಮಲಗಿದ ಮೇಲೆ ನನ್ನ ಕಥೆ ಹೇಳಿದೆ.

ನನ್ನ ಅಜ್ಜಿಗೆ ಹನ್ನೊಂದು ಹೆರಿಗೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಪ್ರಪಂಚದಲ್ಲೇ ಮೊದಲು ಅಂತ ನಾವು ಹೆಮ್ಮೆಪಡುತ್ತೇವೆ. ಆದರೆ ಆ ಸುದ್ದಿ ಅಜ್ಜಿಯ ಅಡುಗೆಮನೆಗೆ ಮುಟ್ಟಲೇ ಇಲ್ಲ. ನನ್ನ ಕಾಲಕ್ಕೆ ಸುದ್ದಿಗೆ ಬರವಿರಲಿಲ್ಲ. ಗೋಡೆಗಳ ಮೇಲೆ ಕೆಂಪು ತ್ರಿಕೋನ, "ಆರತಿಗೊಬ್ಬಳು ಕೀರ್ತಿಗೊಬ್ಬ". ಎಷ್ಟು ಮಕ್ಕಳು ಸಾಕು ಎಂದು ಗೋಡೆ ಹೇಳುತ್ತಿತ್ತು. ನಿನ್ನ ಮೈಗೆ ಯಾವುದು ಒಗ್ಗುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮಗ ಹುಟ್ಟಿದ ಮರುವರ್ಷ, 1990ರಲ್ಲಿ, ಪಕ್ಕದ ಮನೆಯಾಕೆ ನುಂಗುತ್ತಿದ್ದ ಮಾತ್ರೆಯನ್ನೇ ನಾನೂ ತರಿಸಿದೆ. ನನಗೆ ಹುಡುಗಿಯಾಗಿದ್ದಾಗಿನಿಂದ ಒಂದು ತಲೆನೋವು. ಬರುವ ಮೊದಲು ಕಣ್ಣೆದುರು ಮಿಂಚಿನ ಹಾಗೆ ಅಂಕುಡೊಂಕು ಗೆರೆ ಕುಣಿಯುತ್ತದೆ. ಮಾತ್ರೆ ಶುರುಮಾಡಿದ ಮೇಲೆ ಅದು ವಾರಕ್ಕೆರಡು ಸಲ ಬರತೊಡಗಿತು. ಡಾಕ್ಟರಮ್ಮ ಕೇಳಿದರು, "ಯಾರು ಹೇಳಿದರು ಈ ಮಾತ್ರೆ?" "ಪಕ್ಕದ ಮನೆಯವರು." "ಅವರಿಗೂ ಈ ತಲೆನೋವು ಇದೆಯಾ?" ನಾನು ಸುಮ್ಮನಾದೆ. ಈ ಬಗೆಯ ತಲೆನೋವಿದ್ದವರು, ರಕ್ತದೊತ್ತಡ ಹೆಚ್ಚಿರುವವರು, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಮೂವತ್ತೈದು ದಾಟಿ ಹೊಗೆ ಸೇದುವವರು ಎರಡು ಹಾರ್ಮೋನಿನ ಆ ಮಾತ್ರೆ ನುಂಗಬಾರದಂತೆ; ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದಂತೆ. ಪಕ್ಕದ ಮನೆಯಾಕೆ ಅದನ್ನೇ ವರ್ಷಗಟ್ಟಲೆ ನುಂಗಿ ಗುಂಡುಕಲ್ಲಿನ ಹಾಗಿದ್ದರು. ತಪ್ಪು ಮಾತ್ರೆಯದಲ್ಲ, ಕೇಳದೆ ನುಂಗಿದ್ದು.

1994ರಲ್ಲಿ ಮಗಳು ಹುಟ್ಟಿದ ಮೇಲೆ ಕಾಪರ್-ಟಿ ಹಾಕಿಸಿಕೊಂಡೆ. ನಮ್ಮ ಕಡೆ ಅದನ್ನು ವಂಕಿ ಎನ್ನುತ್ತಿದ್ದರು. "ಅದು ಎದೆಗೇರುತ್ತದೆ" ಎಂದು ಹೆದರಿಸಿದವರೇ ಹೆಚ್ಚು. ನರ್ಸಮ್ಮ ನಕ್ಕು, "ಗರ್ಭಕೋಶದಿಂದ ಎದೆಗೆ ದಾರಿ ಎಲ್ಲಿದೆಯಮ್ಮ?" ಎಂದರು. ಎದೆಗಂತೂ ಏರಲಿಲ್ಲ. ಆದರೆ ನಾಲ್ಕು ದಿನದ ಮುಟ್ಟು ಎಂಟು ದಿನವಾಯಿತು. ಮಡಿ ಮೈಲಿಗೆಯ ಮನೆ ನಮ್ಮದು. ತಿಂಗಳಲ್ಲಿ ಎಂಟು ದಿನ ಸೊಸೆ ಹೊರಗೆ ಕೂತರೆ ಅಡುಗೆ ಯಾರದು? ಅತ್ತೆಯ ಪಾತ್ರೆಗಳ ಸದ್ದು ದಿನದಿನಕ್ಕೂ ಜೋರಾಯಿತು. ಮೊದಲ ಕೆಲವು ತಿಂಗಳು ಹೀಗಾಗುವುದು ಸಹಜ, ಎಷ್ಟೋ ಹೆಂಗಸರಿಗೆ ಆಮೇಲೆ ಸರಿಹೋಗುತ್ತದೆ. ನನಗೆ ಮೊದಲೇ ರಕ್ತ ಕಡಿಮೆ. ಮೂರು ವರ್ಷ ಹಾಗೂ ಹೀಗೂ ತಳ್ಳಿದೆ.

"ಆಪರೇಷನ್ ಮಾಡಿಸಿ ಮುಗಿಸಬಾರದಿತ್ತಾ?" ಎಂದು ಮಗಳು ಕೇಳಿದಳು. ಆಗ ದೊಡ್ಡಮ್ಮನ ವಿಷಯ ಹೇಳಬೇಕಾಯಿತು.

ನನ್ನಕ್ಕನಿಗೆ ಇಪ್ಪತ್ತಮೂರಕ್ಕೇ ಎರಡು ಮಕ್ಕಳು. ಊರಿಗೆ ಕ್ಯಾಂಪ್ ಬಂತು, ಮನೆಯವರು ಮಾತಾಡಿಕೊಂಡರು, ಆಪರೇಷನ್ ಆಯಿತು. ಐದು ವರ್ಷ ಕಳೆದು, ಕಿರಿಯ ಮಗ ಈಜಲು ಹೋಗಿ ಕೆರೆಯ ಪಾಲಾದ. ನಾಳ ಮತ್ತೆ ಜೋಡಿಸಬಹುದು ಎಂದು ಯಾರೋ ಹೇಳಿದರೆಂದು ಬಳೆ ಮಾರಿ ಬೆಂಗಳೂರಿಗೆ ಹೋದಳು. ಜೋಡಿಸಿದರು, ಫಲ ಸಿಗಲಿಲ್ಲ. ಆಪರೇಷನ್ನೇ ಕೆಟ್ಟದ್ದೆಂದು ಅಕ್ಕ ಒಂದು ದಿನವೂ ಅನ್ನಲಿಲ್ಲ. "ಎಲ್ಲರನ್ನೂ ಕೇಳಿದರು ಕಣೆ, ನನ್ನನ್ನ ಮಾತ್ರ ಕೇಳಲಿಲ್ಲ" ಎಂದಳು, ಅಷ್ಟೆ. ಕೇಂದ್ರ ಸರ್ಕಾರದ 2006ರ ಮಾರ್ಗಸೂಚಿಯಂತೆ ಆಪರೇಷನ್‌ಗೆ ಬೇಕಾದದ್ದು ಮಾಡಿಸಿಕೊಳ್ಳುವವಳ ಒಪ್ಪಿಗೆ. ಗಂಡನ ಸಹಿಯೂ ಬೇಕಿಲ್ಲ. ಅಕ್ಕನ ಕಾಲಕ್ಕೆ ಇದನ್ನು ಹೇಳುವವರಿರಲಿಲ್ಲ.

1997ರಲ್ಲಿ ವಂಕಿ ಬದಲಿಸಲು ಹೋದಾಗ ಡಾಕ್ಟರಮ್ಮ ನನ್ನ ಬಿಳಿಚಿದ ಕಣ್ಣುರೆಪ್ಪೆ ನೋಡಿ, ಹೊರಗೆ ಕೂತಿದ್ದ ನಮ್ಮನೆಯವರನ್ನು ಕರೆಸಿದರು. "ಇಬ್ಬರು ಮಕ್ಕಳು ಸಾಕು ಎನ್ನುತ್ತೀರಿ. ಗಂಡಸರಿಗೆ ಮಾಡುವ ಆಪರೇಷನ್ ಹೆಂಗಸರದ್ದಕ್ಕಿಂತ ಸುಲಭ. ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಿನ ಮನೆಗೆ ಹೋಗಬಹುದು" ಎಂದರು. ತುರ್ತುಪರಿಸ್ಥಿತಿಯಲ್ಲಿ ಆಪರೇಷನ್‌ಗೆ ಹೆದರಿದ ಕಥೆಗಳನ್ನು ಕೇಳಿ ಬೆಳೆದವರು ಇವರು. ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಆಫೀಸಿಗೆ ರಜೆ ಹಾಕಿದರು. ಅತ್ತೆಗೆ ಹೇಳಿದ್ದು ಹರ್ನಿಯಾ ಎಂದು! ಕೂಡಲೇ ನಂಬುವಂತಿಲ್ಲ, ಮೂರು ತಿಂಗಳು ನಿರೋಧ್ ಬಳಸಿ ಆಮೇಲೆ ಪರೀಕ್ಷೆ ಮಾಡಿಸಿ ಎಂದಿದ್ದರು. ಅದನ್ನೂ ತಪ್ಪದೆ ಮಾಡಿದರು. ಅವರದೂ ಶಾಶ್ವತವೇ. ಆದರೆ ನಮ್ಮನ್ನು ಕೇಳಿದ್ದರು, ನಾವು ಯೋಚಿಸಿದ್ದೆವು. ನನ್ನ ಮುಖದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು. ಅತ್ತೆ ತೀರಿಕೊಳ್ಳುವವರೆಗೂ "ಭಾರ ಎತ್ತಬೇಡವೋ" ಎನ್ನುತ್ತಲೇ ಇದ್ದರು.

ಇಂಥ ಗಂಡಸರು ಎಷ್ಟು ಮಂದಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರು ವಿವಾಹಿತ ಹೆಂಗಸರಲ್ಲಿ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಕರ್ನಾಟಕದಲ್ಲಂತೂ ಆಪರೇಷನ್ ಆದ ಹೆಂಗಸರು ಅರ್ಧಕ್ಕೂ ಹೆಚ್ಚು.

ಮಾರನೆಯ ದಿನ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಚಿಕ್ಕ ಹುಡುಗಿ. ಮೊದಲು ಕೇಳಿದ್ದು, "ಮುಂದಿನ ಮಗು ಬೇಕಾ? ಯಾವಾಗ?" ಎಂದು. ಮೂರು ವರ್ಷ ಬಿಟ್ಟು ಎಂದಳು ಮಗಳು. ಹಾಲೂಡಿಸುವುದನ್ನೇ ನಂಬಬೇಕಾದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿ ಎದೆಹಾಲೇ ಆಗಿರಬೇಕು. ಇವಳು ರಾತ್ರಿ ಬಾಟಲಿ ಹಾಲು ಶುರುಮಾಡಿದ್ದಳು. ಬೀಗಿತ್ತಿಯ ಮಾತು ಅಲ್ಲಿಗೆ ಬಿತ್ತು. ಎರಡು ಹಾರ್ಮೋನಿನ ಮಾತ್ರೆ ಎದೆಹಾಲು ಕುಡಿಸುವವರಿಗೆ ಆರು ತಿಂಗಳವರೆಗೆ ಬೇಡ. ಈಗಿನ ಕಾಪರ್-ಟಿ ಹತ್ತು ವರ್ಷದವರೆಗೂ ಇರುತ್ತದೆ, ಬೇಕಾದಾಗ ತೆಗೆಸಬಹುದು, ನಂಬಿಕೆಗೂ ಅರ್ಹ. ಆದರೆ ಇವಳ ಹಿಮೋಗ್ಲೋಬಿನ್ ಒಂಬತ್ತು. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು. ನಿರೋಧ್ ಒಂದೇ ಸೋಂಕನ್ನೂ ತಡೆಯುವುದು. ಆದರೆ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ.

ಎಲ್ಲ ಕೇಳಿ ಮಗಳು ಆರಿಸಿಕೊಂಡದ್ದು 'ಛಾಯಾ'. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ, ಹಾರ್ಮೋನಿಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಕಾಮಾಲೆ ಆಗಿತ್ತೇ, ಅಂಡಾಶಯದಲ್ಲಿ ನೀರ್ಗುಳ್ಳೆ ಇದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆಯೇ ಕೊಟ್ಟರು. ಮುಟ್ಟು ತಡವಾಗಬಹುದು, ಹೆದರಬೇಡಿ ಎಂದರು. "ಒಗ್ಗದಿದ್ದರೆ ಬನ್ನಿ, ಬೇರೆ ನೋಡೋಣ" ಎಂಬ ಮಾತೂ ಇತ್ತು. ನಾನು ಮೂವತ್ತು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಅದು. ಅಳಿಯ ಬುಧವಾರಕ್ಕೂ ಭಾನುವಾರಕ್ಕೂ ತನ್ನ ಫೋನಿನಲ್ಲೇ ಅಲಾರಂ ಇಟ್ಟುಕೊಂಡಿದ್ದಾನೆ.

ಇದನ್ನು ಬರೆದು ಮೊದಲು ನಮ್ಮನೆಯವರ ಕೈಗೇ ಕೊಟ್ಟೆ. ಕನ್ನಡಕ ಏರಿಸಿ ಓದಿ, "ಹರ್ನಿಯಾ ವಿಷಯ ಬಿಡಬೇಡ, ಇರಲಿ" ಎಂದರು.

ಸಂಜೆ ರವಿಕೆ ತರಲು ಹೋದೆ. ಹೊಲಿಗೆಯಾಕೆ ಒಳಮಗ್ಗುಲು ತಿರುಗಿಸಿ ತೋರಿಸಿದಳು: "ಪಕ್ಕದಲ್ಲಿ ಬಟ್ಟೆ ಬಿಟ್ಟು ಎರಡು ಹೊಲಿಗೆ ಹಾಕಿದ್ದೀನಿ ಅಮ್ಮ. ಮೈ ಬದಲಾದರೆ ಬಿಚ್ಚಿಕೊಳ್ಳಲಿ."