ಬಸವಸಾಗರದಿಂದ ಕೊನೆಯ ತೂಬಿನವರೆಗೆ

ಅಣೆಕಟ್ಟೆ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಪಾದಕ್ಕೆ ತಾಗುತ್ತದೆ. ನಾರಾಯಣಪುರದಲ್ಲಿ ಜೀಪಿನಿಂದ ಇಳಿದು ನಿಂತರೆ ನೆಲ ಸಣ್ಣಗೆ ಅದುರುತ್ತಿದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ, ಅಬ್ಬಾ, ಕೃಷ್ಣೆ! ಸಹ್ಯಾದ್ರಿಯ ಮಳೆಯನ್ನೆಲ್ಲ ಹೊತ್ತು ತಂದ ಕೆಮ್ಮಣ್ಣಿನ ನೀರು ಗೇಟುಗಳಡಿಯಿಂದ ನುಗ್ಗಿ, ಬಂಡೆಗೆ ಬಡಿದು, ಬೆಳ್ಳಗೆ ಪುಡಿಯಾಗಿ ಮೇಲೇಳುತ್ತಿದೆ. ಮುಖ ತೊಯ್ದಿದೆ, ಕನ್ನಡಕ ಮಬ್ಬಾಗಿದೆ. ಪಕ್ಕದಲ್ಲಿ ಮಿರ್ಚಿ ಕರಿಯುತ್ತಿರುವ ಅಜ್ಜಿಗೆ ಇದೆಲ್ಲ ದಿನದ ಮಾತು. "ಬರ್ರಿ, ಸುಸ್ಲಾ ಅದ, ಬಿಸಿ ಮಿರ್ಚಿ ಅದ, ತಿಂದು ನೋಡ್ರಿ, ನೀರ್ ಎಲ್ಲಿಗಿ ಹೋಗ್ತಾವ" ಎನ್ನುತ್ತಾಳೆ.

ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಲೆಂದೇ ನಾನು ಬಂದಿರುವುದು. ಈ ಬಸವಸಾಗರದ ಕಟ್ಟೆ 10 ಕಿಲೋಮೀಟರಿಗೂ ಉದ್ದ, ಹಿಡಿಯುವ ನೀರು 33 ಟಿಎಂಸಿ ಅಡಿ. ಈ ಕಟ್ಟೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ, 1964ರ ಮೇ ತಿಂಗಳಲ್ಲಿ. ಪ್ರಧಾನಿಯಾಗಲು ಅವರಿಗೆ ಆಗ ಕೆಲವೇ ದಿನ ಬಾಕಿ. ಇಲ್ಲಿಯ ಕಟ್ಟೆ ಮುಗಿಯುವ ಹೊತ್ತಿಗೆ 1982 ಆಗಿತ್ತು. ಸರ್ಕಾರದ ದುಡ್ಡು ಹೊಲ ಮುಟ್ಟಲು ಒಂದು ತಲೆಮಾರು ಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಎಡದಂಡೆ ಕಾಲುವೆಯ ಏರಿ ಹಿಡಿದು ಹೊರಡೋಣ. ಬದಿಯಲ್ಲಿ ಜಾಲಿ, ತಂತಿಯ ಮೇಲೆ ನೀಲಕಂಠ, ಕಾಲುವೆಯಲ್ಲಿ ಕಾಂಕ್ರೀಟಿನ ಅಂಚಿನವರೆಗೂ ತುಂಬಿ ಸದ್ದಿಲ್ಲದೆ ಓಡುವ ನೀರು. ಕೊಡೇಕಲ್ ಹತ್ತಿರವಾಗುತ್ತಿದ್ದಂತೆ ಗೇಟುಗಳ ಪಕ್ಕ ಸಣ್ಣ ಸೌರಫಲಕ, ಪೆಟ್ಟಿಗೆ, ವೈರು. 2023ರ ಜನವರಿಯಲ್ಲಿ ಪ್ರಧಾನಿ ಇದೇ ಕೊಡೇಕಲ್‌ಗೆ ಬಂದು ಈ ಕಾಲುವೆ ಜಾಲದ ಆಧುನೀಕರಣವನ್ನು ಉದ್ಘಾಟಿಸಿದರು. ಖರ್ಚು ಸುಮಾರು 4,700 ಕೋಟಿ ರೂಪಾಯಿ, ನೀರುಣ್ಣಬೇಕಾದ ನೆಲ 4.5 ಲಕ್ಷ ಹೆಕ್ಟೇರ್. ಎಷ್ಟು ನೀರು ಹರಿಯಿತು ಎಂಬುದನ್ನು ಈಗ ಯಂತ್ರವೇ ಅಳೆಯುತ್ತದೆಯಂತೆ. ಗೇಟಿನ ಬಳಿ ಬೀಡಿ ಸೇದುತ್ತ ಕೂತ ಗ್ಯಾಂಗ್‌ಮನ್ ನಗುತ್ತಾನೆ: "ಕಂಪ್ಯೂಟರ್ ಲೆಕ್ಕಾ ಇಡ್ತದ್ರೀ. ರಾತ್ರಿ ಬಂದು ಪೈಪ್ ಇಳಿಸೋರು ಅದಕ್ಕ ಕೇಳಿ ಇಳಸ್ತಾರೇನು?"

ಕಾಲುವೆಯ ಕೆಳಗೆ ಹಸಿರು ಸುರಿದಿದೆ. ಗದ್ದೆಯೊಳಗೆ ನಾಟಿ ಹಚ್ಚುವ ಹೆಂಗಸರ ಸಾಲು, ಗುಲಾಬಿ, ಹಳದಿ, ಗಿಳಿಹಸಿರು ಸೀರೆಗಳು ಮೊಣಕಾಲಿಗೆ ಕಟ್ಟಿ ಕೆಸರಲ್ಲಿ ಹಿಂದಹಿಂದಕ್ಕೆ ಸರಿಯುತ್ತವೆ. ಬೆರಳು ಕೆಸರಿಗಿಳಿದಾಗಲೆಲ್ಲ ಪಚ್ ಎಂಬ ಸದ್ದು. ಜೋಳ, ಸಜ್ಜೆಯ ಸೀಮೆಯಲ್ಲಿ ಈ ಭತ್ತ ಹೊಸ ಬೆಳೆ. ಜೊತೆಗೆ ಬಂದವರು ಆಂಧ್ರದ ರೈತರು. ಅವರು ನೆಲೆಯೂರಿದ ಕಡೆಗಳಿಗೆ ಇಲ್ಲಿಯವರು ಕ್ಯಾಂಪು ಎನ್ನುತ್ತಾರೆ. ಕ್ಯಾಂಪಿನ ಅಂಗಡಿಯಲ್ಲಿ ತೆಲುಗು, ಮಿಲ್ಲಿನಲ್ಲಿ ಹಿಂದಿ, ಗದ್ದೆಯಲ್ಲಿ ಕನ್ನಡ. ಕಡಿಮೆ ನೀರಿನ ಬೆಳೆಗೆಂದು ಲೆಕ್ಕ ಹಾಕಿ ಕಟ್ಟಿದ ಕಾಲುವೆಯ ತಲೆಯಲ್ಲೇ ಇಷ್ಟು ಭತ್ತ ಕೂತರೆ ಬಾಲದ ಗತಿಯೇನು ಎಂದು ಕೇಳಬೇಕೆನಿಸುತ್ತದೆ. ಉತ್ತರ ಅದೇ ಗದ್ದೆಯಲ್ಲಿದೆ: ನಾಟಿಗೆ ಬಂದ ಅಕ್ಕಂದಿರಲ್ಲಿ ಅರ್ಧ ಜನ ಬಾಲದ ಊರಿನವರು. ನಸುಕಿನಲ್ಲೇ ಟಂಟಂ ಹತ್ತಿ ಬಂದಿದ್ದಾರೆ. ನೀರು ತಮ್ಮೂರಿಗೆ ಬಾರದ್ದಕ್ಕೆ ತಾವೇ ನೀರಿನ ಬಳಿಗೆ ಬಂದಿದ್ದಾರೆ.

ಹುಣಸಗಿಯಲ್ಲಿ ನನ್ನ ಬಾಯಿ ಕಟ್ಟಿತು. ಹತ್ತಿರದ ಇಸಾಂಪುರದಲ್ಲಿ ನೀರಾವರಿ ಕೆಲಸಕ್ಕೆಂದು ಮಣ್ಣು ಅಗೆದಾಗ ಕೆಳಗೆ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳ ನಡುವೆ ಕೈಗೊಡಲಿಗಳು, ಚೂರುಗಳು ತೋರಿದವು. 1983ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವನ್ನು ಗುರುತಿಸಿ, ಮುಂದೆ ಉತ್ಖನನ ಮಾಡಿದರು. ಅದು ಆದಿಮಾನವರು ಕಲ್ಲು ಕಿತ್ತು, ಅಲ್ಲೇ ಕೂತು ಆಯುಧ ಮಾಡಿದ ಜಾಗ. ಅಲ್ಲಿ ಸಿಕ್ಕ ಹಲ್ಲಿನ ಕಾಲಮಾಪನ ಹೇಳುವುದು ಸುಮಾರು 12 ಲಕ್ಷ ವರ್ಷ! ಬೂದುಬಣ್ಣದ ಚೂರೊಂದರ ಅಂಚಿಗೆ ಹೆಬ್ಬೆರಳು ಆನಿಸಿದೆ. ಚರ್ಮ ಸೀಳುವಷ್ಟು ಚೂಪು ಇನ್ನೂ ಉಳಿದಿದೆ. ಅಲ್ಲೇ ಇಟ್ಟು ಎದ್ದೆ. 'ಹಿಂದುಳಿದ ಪ್ರದೇಶ' ಎಂದು ಕಡತದಲ್ಲಿ ಬರೆಯುವವರು ಒಮ್ಮೆ ಇಲ್ಲಿ ಬಂದು ಕೂರಬೇಕು.

ಆ ಕಡತದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಸುರಪುರ, ಶಹಾಪುರ, ಜೇವರ್ಗಿ, ನಾನು ಹೋಗುತ್ತಿರುವ ದಾರಿಯ ಮೂರೂ ತಾಲೂಕು ಆ 39ರಲ್ಲಿದ್ದವು. ಕಟ್ಟೆ ಮುಗಿದು ಆಗಲೇ 20 ವರ್ಷ! ನೀರು ಕೊಟ್ಟರೆ ಉಳಿದದ್ದು ತಾನೇ ಬರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಭತ್ತ ಬಂತು, ಮಿಲ್ಲು ಬಂತು. ಮಾಸ್ತರರು, ದಾಕ್ತರರು ಬರಲಿಲ್ಲ. 2011ರ ಜನಗಣತಿಯಲ್ಲೂ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕಡೆಯದು.

ಸುರಪುರ ಬೆಟ್ಟಗಳ ನಡುವೆ ಅಡಗಿ ಕೂತ ಊರು. ಓಣಿಗಳು ಏರುತ್ತವೆ, ಇಳಿಯುತ್ತವೆ, ಹಠಾತ್ತನೆ ಅರಮನೆಯ ಮುಂದೆ ತಂದು ನಿಲ್ಲಿಸುತ್ತವೆ. ದರ್ಬಾರಿನ ಆಶ್ರಯದಲ್ಲಿ ಇಲ್ಲಿ ಬೆಳೆದ ಚಿತ್ರಕಲೆಯಲ್ಲಿ ಚಿನ್ನದ ಲೇಪ ಇನ್ನೂ ಹೊಳೆಯುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಈ ಊರಿನ ದೊರೆ. ಅವನ ಬಾಲ್ಯದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಬಂಗಲೆ ಗುಡ್ಡದ ನೆತ್ತಿಯಲ್ಲಿದೆ. ಅಲ್ಲಿಂದ ಕಣ್ಣು ಹಾಯಿಸಿದರೆ ಗುಂಡುಕಲ್ಲುಗಳ ರಾಶಿ, ಅವುಗಳ ಸಂದಿನಲ್ಲಿ ಗದ್ದೆಯ ಹಸಿರು. ಸಂಸ್ಥಾನದ ಸಾಲದ ಲೆಕ್ಕ ಸರಿಮಾಡಲು ಟೇಲರ್ ಇಲ್ಲಿ ಹೆಣಗಿದ್ದ. ಈ ನೆಲದ ಬಡತನದ ಲೆಕ್ಕ ಬರೆಯಲು ಹೊರಗಿನಿಂದ ಬಂದವರಲ್ಲಿ ಅವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ.

ಶಹಾಪುರದ ದಾರಿಯಲ್ಲಿ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ: ಹಣೆ, ಮೂಗು, ಎದೆ, ಕೈ, ಎಲ್ಲವೂ ಸ್ಪಷ್ಟ. ಸಂಜೆ ಬಸ್‌ಸ್ಟ್ಯಾಂಡಿನ ಹೊರಗೆ ಬೆಂಗಳೂರಿನ ಬಸ್ಸುಗಳು ಹೊರಡಲು ಸಜ್ಜಾಗಿವೆ. ಡಿಕ್ಕಿಗೆ ಗಂಟು, ಪಾತ್ರೆ, ಹಾಸಿಗೆ, ಜೋಳದ ಹಿಟ್ಟಿನ ಚೀಲ ಏರುತ್ತಿವೆ. ಗುಳೆ ಹೊರಟ ಮಂದಿ. ಎಲ್ಲಿಗೆ ಎಂದರೆ "ಬಿಲ್ಡಿಂಗ್ ಕೆಲಸಕ್ಕ" ಎನ್ನುತ್ತಾನೆ ಒಬ್ಬ ಹುಡುಗ, ಕಿವಿಯಿಂದ ಇಯರ್‌ಫೋನ್ ತೆಗೆಯದೆ.

ಜೇವರ್ಗಿ ಕಡೆ ತಿರುಗುತ್ತಲೇ ಬಣ್ಣ ಬದಲಾಯಿತು. ಭತ್ತ ನಿಂತು ಹತ್ತಿ ಬಂತು, ಹತ್ತಿಯೂ ಹಿಂದಾಗಿ ಎಲ್ಲೆಲ್ಲೂ ಕಪ್ಪು ಎರೆಮಣ್ಣು, ಅದರಲ್ಲಿ ಮೊಣಕಾಲೆತ್ತರದ ತೊಗರಿ. ಕಾಲುವೆ ಈಗ ದಾಟಬಹುದಾದಷ್ಟು ಕಿರಿದು. ಕೊನೆಯ ತೂಬಿನಲ್ಲಿ ಕಸ, ಒಡೆದ ಬಿಂದಿಗೆ, ಒಣಗಿ ಸೀಳಿದ ಹೂಳು. ಪಕ್ಕದಲ್ಲಿ ಕಾಮಗಾರಿಯ ಮೊತ್ತ ಬರೆದ ಹೊಳೆಯುವ ಫಲಕ. "ಬೋರ್ಡ್ ಬಂದಾವ್ರೀ, ನೀರ್ ಇನ್ನಾ ದಾರ್ಯಾಗ ಅವ" ಎಂದ ಹೊಲದ ಯಜಮಾನ, ಮನೆಗೆ ಕರೆದೊಯ್ದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದ.

ಊಟದ ಮೇಲೆ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ಬಂತು. ಒಳಗೆ ಮಗಳ '371 ಜೆ' ಸರ್ಟಿಫಿಕೇಟು: ಎ.ಸಿ. ಸಾಹೇಬರ ಸಹಿ, ನೀಲಿ ಸೀಲು, ಮಡಿಕೆಯೂ ಬೀಳದ ಕಾಗದ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಹಕ್ಕಿನಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ಹೊರಗಿನ ಜಿಲ್ಲೆಗಳಲ್ಲಿ ಶೇ. 8 ಸೀಟು ಇಲ್ಲಿಯ ಮಕ್ಕಳಿಗೆ ಮೀಸಲು. ಈ ಭಾಗದ ಅಭಿವೃದ್ಧಿ ಮಂಡಳಿಗೆ ಬರುವ ವರ್ಷವರ್ಷದ ಸಾವಿರಾರು ಕೋಟಿಯನ್ನು ಕಟ್ಟಡ, ರಸ್ತೆಗಳಲ್ಲಿ ಎಣಿಸುವವರು ಬಹಳ. ನನಗೆ ಮಾತ್ರ ಈ ಕಾಗದವೇ ಹೆಚ್ಚು ದೂರ ಹರಿದಂತೆ ಕಂಡಿತು. ತಲೆಯಲ್ಲಿ ಯಾರೂ ಪೈಪ್ ಇಳಿಸಲಾಗದೆ, ಬಾಲದ ಮನೆಯ ಟ್ರಂಕಿನವರೆಗೆ ಬಂದಿದೆ.

ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದಿ ಮುಗಿಸಿದ್ದಾಳೆ. ಬೆಂಗಳೂರಿಗೆ ಹೋಗುತ್ತೀಯೇನವ್ವಾ ಎಂದೆ.

"ನಮ್ಮವ್ವಾ ಅಪ್ಪಾ ಹೋಗಿ ಬಂದದ್ದು ಸಾಕ್ರೀ. ಈ ಕಡೆ ದವಾಖಾನಿಗೋಳದಾಗ ನರ್ಸ್ ಪೋಸ್ಟ್ ಖಾಲಿ ಬಿದ್ದಾವ. ಅರ್ಜಿ ಕರದ್ರ ಸಾಕು, ನಾನೇ ಮೊದಲ ಹಾಕ್ತೀನಿ" ಎಂದಳು. ಕರೆದದ್ದು ಮೊದಲು ತನಗೇ ತಿಳಿಯಲೆಂದು ಫೋನು ತೆಗೆದು, ಇಲಾಖೆಯ ವೆಬ್‌ಸೈಟು ಇನ್ನೊಮ್ಮೆ ನೋಡಿದಳು.