ದೀಪದ ಬಾಣಂತನ

ಕಫದ ಪರೀಕ್ಷೆ ಮಾಡುವ ನಮಗೆ ಒಂದು ಕಾಲದಲ್ಲಿ ಸೂಕ್ಷ್ಮದರ್ಶಕಕ್ಕಿಂತ ಅದರ ದೀಪದ್ದೇ ಚಿಂತೆ. ಆರಮೈನ್ ಬಣ್ಣ ಹಿಡಿದ ಕ್ಷಯದ ರೋಗಾಣು ನೀಲಿ ಬೆಳಕು ಬಿದ್ದರೆ ಕತ್ತಲಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತದೆ. ಆ ಬೆಳಕಿಗೆ ಪಾದರಸದ ದೀಪವಿತ್ತು. ಮಹಾ ಬಿಂಕದ್ದು! ಹೊತ್ತಿಸಿ ಹದಕ್ಕೆ ಬರುವವರೆಗೆ ಕಾಯಬೇಕು. ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತಿಸುವಂತಿಲ್ಲ. ಆಯುಷ್ಯವೋ, ಸುಮಾರು 200 ಗಂಟೆ. ಕರೆಂಟು ಕೈಕೊಡುವ ಊರಿನಲ್ಲಿ ಅದನ್ನು ನೋಡಿಕೊಳ್ಳುವುದೆಂದರೆ ಬಾಣಂತನ ಮಾಡಿದಂತೆಯೇ.

ದೀಪ ಕೆಟ್ಟರೆ ಸಾದಾ ಸೂಕ್ಷ್ಮದರ್ಶಕವೇ ಗತಿ; ಒಂದೊಂದು ಸ್ಲೈಡಿಗೂ ಹೆಚ್ಚು ಹೊತ್ತು. ಅತ್ತೆಗೆ ತಿಳಿಯದಂತೆ ಕೆಮ್ಮು ಅಡಗಿಸಿಕೊಂಡು, ಮನೆಗೆಲಸ ಮುಗಿಸಿ ಬಂದ ಸೊಸೆಗೆ ‘ನಾಳೆ ಬಾಮ್ಮಾ’ ಎಂದರೆ, ಆ ನಾಳೆ ಬರುವುದು ಮುಂದಿನ ತಿಂಗಳಿಗೆ. ಅಷ್ಟರಲ್ಲಿ ರೋಗ ಮಗುವಿಗೂ ಹರಡಿರಬಹುದು.

ಆಮೇಲೆ ಬಂತು ನೀಲಿ ಎಲ್ಇಡಿ. ಅದನ್ನು ರೂಪಿಸಿದ ಅಕಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರಲ್ಲಿ ನೊಬೆಲ್ ಸಂದಿತು. ಪಾದರಸದ ದೀಪದ ಬದಲು ಇದನ್ನೇ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತ್ತು. ಒತ್ತಿದೊಡನೆ ಹೊತ್ತುತ್ತದೆ, ಬ್ಯಾಟರಿಯಲ್ಲೂ ಉರಿಯುತ್ತದೆ, ಸಾವಿರಾರು ಗಂಟೆ ಬಾಳುತ್ತದೆ.

ಬೆಳಕು ಈಗ ಕಾಯಿಸುವುದಿಲ್ಲ. ನಾವೂ ಅದನ್ನು ಕಾಯಿಸಬಾರದು. ಎರಡು ವಾರ ಮೀರಿದ ಕೆಮ್ಮನ್ನು ಸೆರಗಿನಲ್ಲಿ ಮುಚ್ಚಿಡಬೇಡಿ.