ಮಂದಿಯ ಬಾಗಿಲಲ್ಲಿ ನಮ್ಮ ನೀರು

ನನ್ನ ಹುಟ್ಟೂರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ. ಬಾಲ್ಯದಲ್ಲಿ, ಮನೆಯ ಮುಂದಿನ ಮೋರಿಯನ್ನು ಯಾರು ಬಳಿಯಬೇಕೆಂಬ ಪ್ರಶ್ನೆಯೇ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ. ಅವ್ವ ನಸುಕಿನಲ್ಲೆದ್ದು, ರಂಗವಲ್ಲಿಯಿಡುವ ಮೊದಲು, ಕೋಲಿನಿಂದ ಮೋರಿಯ ಕಸವನ್ನು ಎತ್ತಿಹಾಕುತ್ತಿದ್ದಳು. “ನಮ್ಮ ಮನಿ ನೀರು ಮಂದಿ ಬಾಗಿಲಾಗ ನಿಂದ್ರಬಾರ್ದಪ್ಪ” ಎಂಬುದೇ ಅವಳ ಧರ್ಮಶಾಸ್ತ್ರ.

ಉದ್ಯೋಗದ ನಿಮಿತ್ತ ನಾನು ದೂರದ ನಗರವೊಂದರಲ್ಲಿ ನೆಲೆಸಿದೆ. ಅಲ್ಲಿ ಮೋರಿಯು ಕಣ್ಣಿಗೆ ಕಾಣದು. ನೆಲದೊಳಗಿನ ಕೊಳವೆಯಲ್ಲಿ ಹರಿಯುವುದು. ಕಾಣದುದನ್ನು ಮರೆಯುವುದು ಸುಲಭ. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಒಳಚರಂಡಿಯ ನೀರು ಹಿಮ್ಮೆಟ್ಟಿ ಬಚ್ಚಲಿನಿಂದ ಉಕ್ಕಿ ಮನೆಯೊಳಕ್ಕೆ ನುಗ್ಗಿತು. ಬೆಳಗಾಗುವ ವೇಳೆಗೆ ಮಂಚದ ಕೆಳಗಿದ್ದ ಅವ್ವನ ತಗಡಿನ ಪೆಟ್ಟಿಗೆ ಅರ್ಧ ಮುಳುಗಿತ್ತು. ಅದರಲ್ಲಿ ಅವಳ ಮದುವೆಯ ಸೀರೆಯೂ ನನ್ನ ತಂದೆ ಅವಳಿಗೆ ಬರೆದ ಕಾಗದಗಳೂ ಇದ್ದುವು. ಅವ್ವ ತೀರಿಕೊಂಡ ಮೇಲೆ ನನಗುಳಿದಿದ್ದುದು ಅದೊಂದೇ.

ದುಃಖಕ್ಕಿಂತ ಮೊದಲು ಕೋಪ ಬಂದಿತು. ನಷ್ಟ ತುಂಬಿಕೊಡಬೇಕೆಂದು ಪೌರಸಭೆಗೆ ಅರ್ಜಿ ಬರೆದೆ. ಬೀದಿಯ ತಿರುವಿನಲ್ಲಿ ಶಾಲೆಯ ಎಚ್ಚರಿಕೆಯ ಫಲಕವು ಯಾರ ಕಣ್ಣಿಗೂ ಬೀಳದಂತಾಗಿದೆ ಎಂಬ ದೂರನ್ನೂ ಅದರಲ್ಲಿಯೇ ಸೇರಿಸಿದೆ. ಕಾನೂನನ್ನೂ ಓದಿಕೊಂಡೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ನಿವಾಸಿಗಳು ತಮ್ಮ ಬೀದಿಯ ಹೊಲಸಿನ ವಿಷಯವಾಗಿ ಮ್ಯಾಜಿಸ್ಟ್ರೇಟರಲ್ಲಿ ದೂರಿತ್ತಿದ್ದರು. ಆ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆವದಿಂದ ಪೌರಸಭೆಯು ಚರಂಡಿಯ ಹೊಣೆಯನ್ನು ಕಳಚಿಕೊಳ್ಳಲಾಗದೆಂದು ತೀರ್ಪಿತ್ತರು. ಇದನ್ನೋದಿ, ನನ್ನ ವ್ಯಾಜ್ಯವೂ ಗೆದ್ದಂತೆಯೇ ಎಂದು ಹಿಗ್ಗಿದೆ.

ಕೆಲವು ದಿನಗಳ ಮೇಲೆ ತರುಣ ಇಂಜಿನಿಯರರೊಬ್ಬರು ತನಿಖೆಗೆ ಬಂದರು. ಕೊಳವೆಯಲ್ಲಿ ಹೂಳು ತುಂಬಿದೆಯೆಂದು ಸಂಕೋಚವಿಲ್ಲದೆ ಒಪ್ಪಿಕೊಂಡರು. ಬಳಿಕ, “ಸ್ವಾಮಿ, ತಮ್ಮ ಮಾಳಿಗೆಯ ಮಳೆನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು. ನಾನು ತೋರಿಸಿದೆ. ಅದು ನೇರವಾಗಿ ಒಳಚರಂಡಿಯ ಗುಂಡಿಗೇ ಇಳಿದಿತ್ತು.

“ಈ ಕೊಳವೆ ಬಚ್ಚಲು, ಪಾಯಿಖಾನೆಗಳ ನೀರಿಗಾಗಿ ಹಾಕಿದ್ದು. ಮನೆಮನೆಯವರೂ ಮಳೆನೀರನ್ನು ಇದಕ್ಕೇ ಬಿಟ್ಟರೆ, ತಗ್ಗಿನಲ್ಲಿರುವ ಮನೆಯೊಳಗೆ ಉಕ್ಕದೆ ಮತ್ತೇನು ಮಾಡೀತು?” ಎಂದರು.

ನಾನು ಮಾತನಾಡಲಿಲ್ಲ. ಇಬ್ಬರೂ ಬೀದಿಯ ತಿರುವಿಗೆ ನಡೆದೆವು. ಕೆಂಪಂಚಿನ ಮುಕ್ಕೋನದ ಫಲಕ ತನ್ನ ಸ್ಥಳದಲ್ಲಿಯೇ ನಿಂತಿತ್ತು. ಅದನ್ನು ಮರೆಮಾಡಿದ್ದುದು ನನ್ನ ಕಾಂಪೌಂಡಿನಿಂದ ಹೊರಚಾಚಿದ ಹೊಂಗೆಯ ಕೊಂಬೆ. ಶಾಲೆಯ ಮಕ್ಕಳು ಆ ತಿರುವನ್ನು ದಿನಕ್ಕೆರಡು ಸಲ ದಾಟುತ್ತಿದ್ದರು. ಅವರ ಪುಣ್ಯ, ಏನೂ ಆಗಿರಲಿಲ್ಲ. ನಾಚಿಕೆಯಿಂದ ನನ್ನ ತಲೆ ತಗ್ಗಿತು.

ಆ ವಾರವೇ ಕೊಂಬೆಯನ್ನು ಕಡಿಸಿದೆ. ಮಾಳಿಗೆಯ ನೀರನ್ನು ತೊಟ್ಟಿಗೆ ತಿರುಗಿಸಿದೆ. ನೆರೆಹೊರೆಯವರ ಮನೆಗಳಿಗೂ ಹೋಗಿ, ನನ್ನ ತಪ್ಪನ್ನು ಹೇಳಿಕೊಂಡೇ ಅವರ ಕೊಳವೆಯ ಮಾತೆತ್ತಿದೆ. ಕೆಲವರು ಒಪ್ಪಿದರು, ಕೆಲವರು ನಕ್ಕರು. ಪೌರಸಭೆಯವರು ಹೂಳು ತೆಗೆಯಿಸಿದರು. ಪರಿಹಾರದ ಹಣ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಹಕ್ಕನ್ನು ಕೇಳಬಾರದೆಂದು ನಾನು ಹೇಳುತ್ತಿಲ್ಲ. ನಾನು ಅರ್ಜಿ ಬರೆಯದಿದ್ದರೆ ಹೂಳು ಅಲ್ಲಿಯೇ ಇರುತ್ತಿತ್ತು. ಹಳ್ಳಿಯಲ್ಲಿರುವವರಿಗೆ ಗ್ರಾಮಸಭೆಯುಂಟು, ಅಲ್ಲಿ ಯಾವ ಮತದಾರನಾದರೂ ಎದ್ದುನಿಂತು ಚರಂಡಿಯ ಮಾತೆತ್ತಬಹುದು, ಎತ್ತಲೇಬೇಕು. ಆದರೆ ಅರ್ಜಿಗೆ ರುಜು ಹಾಕುವ ಮೊದಲು ತಮ್ಮ ಮಾಳಿಗೆಯ ಕೊಳವೆ ಎಲ್ಲಿಗಿಳಿದಿದೆಯೆಂದು ವಾಚಕರು ಒಮ್ಮೆ ನೋಡಿಕೊಳ್ಳಲೆಂಬುದಷ್ಟೇ ನನ್ನ ಬಿನ್ನಹ.

ಸೀರೆಯನ್ನು ಒಗೆದು ಮಡಿಸಿಟ್ಟಿದ್ದೇವೆ. ಕಾಗದಗಳ ಮಸಿ ಕಲಸಿಹೋಯಿತು. ಅವ್ವ ಇದ್ದಿದ್ದರೆ ಬಯ್ಯುತ್ತಿರಲಿಲ್ಲ. ಕೋಲನ್ನು ನನ್ನ ಕೈಗೆ ಕೊಡುತ್ತಿದ್ದಳು.